ಬಿಸಿಯಾಗುವ ಮುನ್ನ ಆರಿಸಿದ ಎಂಜಿನ್

ಶಿಷ್ಯ ಕೇಳಿದ: “ಗುರುಗಳೇ, ನನ್ನ ಕೈಯಿಂದ ಒಂದು ತಪ್ಪಾಗಿದೆ. ಯಾರಿಗೂ ಗೊತ್ತಿಲ್ಲ. ಹೇಳಿದರೆ ಇದ್ದ ಹೆಸರು ಹೋಗುತ್ತದೆ. ಸುಮ್ಮನಿದ್ದರೆ ಉಳಿಯುತ್ತದಲ್ಲವೇ?”

ಗುರುಗಳು ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿದರು. “ಇದಕ್ಕೆ ಉತ್ತರ ಕೊಡಬಲ್ಲವನು ಈ ಸೀಮೆಯಲ್ಲಿ ನಾನೊಬ್ಬನೇ ಕಣಯ್ಯಾ. ಉಳಿದವರೆಲ್ಲ ಉಪದೇಶ ಕೊಡುತ್ತಾರೆ, ನಾನು ಕತೆ ಕೊಡುತ್ತೇನೆ. ಮೊದಲಲ್ಲಿ ಸ್ವಲ್ಪ ಬುರುಡೆ ಇರುತ್ತದೆ, ಸಹಿಸಿಕೋ. ಆಮೇಲೆ ಇರುವುದಿಲ್ಲ.”

ಘಟ್ಟದ ಬುಡದ ಊರಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಅವನ ಕಿವಿ ಎಂಥದ್ದೆಂದರೆ, ಪಕ್ಕದೂರಿನಲ್ಲಿ ಬಸ್ಸು ಗೇರು ಬದಲಿಸಿದರೆ ಇವನು ಇಲ್ಲಿ ಕೂತು, ಡ್ರೈವರನಿಗೂ ಹೆಂಡತಿಗೂ ಬೆಳಿಗ್ಗೆ ಜಗಳವಾಗಿದೆ ಎಂದು ಹೇಳಿಬಿಡುತ್ತಿದ್ದ. ಕಾರು ಬಂದರೆ ಬಾನೆಟ್ ಎತ್ತಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಮೇಲೆ ಊರಿ, ಹಿಡಿಯನ್ನು ಕಿವಿಗೊತ್ತಿ ಕಣ್ಣು ಮುಚ್ಚುತ್ತಿದ್ದ. ಟಿಕ್ ಟಿಕ್ ಎಂದರೆ ವಾಲ್ವು. ಕಿರ್ರೆಂದರೆ ಬೆಲ್ಟು. ಒಳಗಿನಿಂದ ಯಾರೋ ಬಾಗಿಲು ಬಡಿದಂತೆ ದಡ್ ದಡ್ ಎಂದರೆ ಬೇರಿಂಗು. ಆಗ ಮಾತ್ರ ಅವನ ಮುಖ ಗಂಟಾಗುತ್ತಿತ್ತು. ಬೇರಿಂಗ್ ಸವೆದರೆ ಪಿಸ್ಟನ್ನಿನ ರಾಡು ಎಂದಾದರೂ ಮುರಿಯುತ್ತದೆ. ರಾಡು ಮುರಿದರೆ ಎಂಜಿನ್ ಓಡುತ್ತಿದ್ದ ಹಾಗೆಯೇ ಸಾಯುತ್ತದೆ.

ಹಳೆಯ ಕಾರು ಮಾರುವ ವ್ಯಾಪಾರಿಯೊಬ್ಬ ಹಾಗೆ ದಡ್ ದಡ್ ಎನ್ನುವ ಕಾರೊಂದನ್ನು ತಂದ. ಎಂಜಿನ್ ಬಿಚ್ಚಬೇಕು ಎಂದ ಮೆಕ್ಯಾನಿಕ್.

“ಬಿಚ್ಚುವುದೆಲ್ಲ ಬೇಡ ಮಾರಾಯ, ಇದು ಮಾರುವ ಗಾಡಿ. ಈ ಸದ್ದಿನ ಬಾಯಿ ಮುಚ್ಚಿಸಿ ಕೊಡು, ಸಾಕು. ನಿನಗೆ ಬರುವುದಿಲ್ಲವೆಂದರೆ ಹೇಳು, ಬೇರೆ ಕಡೆ ಹೋಗುತ್ತೇನೆ.”

ಬರುವುದಿಲ್ಲ ಎಂಬ ಮಾತು ಅವನಿಗೆ ಮುಳ್ಳಿನಂತೆ ಚುಚ್ಚಿತು. ಎಂಜಿನ್ನಿನ ತೆಳು ಎಣ್ಣೆ ಬಸಿದು, ಗೇರ್ ಬಾಕ್ಸಿಗೆ ಹಾಕುವ ಮಂದ ಎಣ್ಣೆ ಸುರಿದ. ಸವೆದ ಜಾಗದಲ್ಲಿ ಅದು ತುಂಬಿಕೊಂಡಿತು, ಬಡಿತ ಅಡಗಿತು. ತಣ್ಣಗಿರುವಾಗ ಮಾತ್ರ. ಎಂಜಿನ್ ಕಾದು ಎಣ್ಣೆ ನೀರಾದರೆ ಬಡಿತ ತಿರುಗಿ ಬರುತ್ತದೆ. ಕೊಳ್ಳುವವರು ಅಷ್ಟು ಹೊತ್ತು ಕಿವಿಗೊಡುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಕೆಲವು ವಾರಗಳು ಕಳೆದವು. ಒಂದು ಬೆಳಿಗ್ಗೆ ಅವನ ಮಗಳು, ಅಳಿಯ, ಅಳಿಯನ ತಂದೆ, ಮೂವರೂ ಗ್ಯಾರೇಜಿನ ಮುಂದೆ ಕೆಂಪು ಕಾರೊಂದರಿಂದ ಇಳಿದರು. ಹಿಂದಿನ ಬೀದಿಯಲ್ಲಿ ಆಗಷ್ಟೇ ಕೊಂಡ ಹಳೆಯ ಕಾರು. ಅವರ ಮನೆ ಘಟ್ಟದ ಮೇಲಿತ್ತು.

“ಬೀಗರೇ, ಇದು ನಿಮ್ಮ ಕೈಯಾಡಿದ ಗಾಡಿಯಂತೆ. ಆ ಮಾತು ಕೇಳಿಯೇ ನಿಮ್ಮ ಅಳಿಯ ಕಣ್ಣು ಮುಚ್ಚಿ ಇದನ್ನು ಕೊಂಡ. ನಾನು ಕಣ್ಣು ಮುಚ್ಚುವವನಲ್ಲ. ಸ್ವಲ್ಪ ಆ ನಿಮ್ಮ ಜಗತ್ಪ್ರಸಿದ್ಧ ಕಿವಿ ಇಡಿ, ನೋಡೋಣ” ಎಂದರು ಬೀಗರು.

ಮೆಕ್ಯಾನಿಕ್ ನಗುತ್ತಲೇ ಬಾನೆಟ್ ಎತ್ತಿದ. ಎಣ್ಣೆಯ ಅಳತೆಕಡ್ಡಿ ಎಳೆದಾಗ ಎಣ್ಣೆ ಬೆಲ್ಲದ ಪಾಕದಂತೆ ಎಳೆ ಬಿಟ್ಟಿತು. ಹೊಸ ಬಣ್ಣದ ಕೆಳಗಿನ ಗಾಡಿ ಯಾವುದೆಂದು ಅವನಿಗೆ ತಿಳಿದುಹೋಯಿತು. ಅಳಿಯ ಎಂಜಿನ್ ಚಾಲೂ ಮಾಡಿದ. ಸ್ಕ್ರೂಡ್ರೈವರ್ ಹಿಡಿಯಲ್ಲಿ ಮೊದಲು ಏನೂ ಇಲ್ಲ. ಎಂಜಿನ್ ತುಸು ಬೆಚ್ಚಗಾಗುತ್ತಿದ್ದಂತೆ ಆಳದಲ್ಲಿ ಕಂಬಳಿ ಹೊದ್ದು ಕೆಮ್ಮಿದ ಹಾಗೆ ಒಂದು ಸದ್ದು. ಇನ್ನೊಂದು.

ಹೇಳಿದರೆ ಬೀಗರ ಮುಂದೆ, ಮಗಳ ಮುಂದೆ, ಅಂಗಡಿ ಬಾಗಿಲಿಗೆ ಬಂದು ನಿಂತ ಬೀದಿಯವರ ಮುಂದೆ ಹೇಳಬೇಕು: ಬಾಯಿ ಮುಚ್ಚಿಸಿದವನು ನಾನೇ ಎಂದು. ಅವನು ಕಿಟಕಿಯೊಳಗೆ ಕೈ ಚಾಚಿ ಕೀಲಿ ತಿರುಗಿಸಿ ಎಂಜಿನ್ ಆರಿಸಿದ.

“ಇನ್ನೂ ಸ್ವಲ್ಪ ಓಡಲಿ ಬಿಡಪ್ಪ, ಅಷ್ಟು ಬೇಗ ಆಯಿತೇ?” ಎಂದಳು ಮಗಳು.

“ನನ್ನ ಕಿವಿಗೆ ಇಷ್ಟು ಸಾಕು. ಗಾಡಿ ಬೆಣ್ಣೆ ಇದ್ದಂಗಿದೆ. ಮುಂದಿನ ವಾರ ಒಮ್ಮೆ ಬಿಟ್ಟು ಹೋಗಿ, ಎಣ್ಣೆ ಬದಲಿಸಿಕೊಡುತ್ತೇನೆ.”

ಮುಂದಿನ ವಾರ ಬಾಗಿಲು ಹಾಕಿಕೊಂಡು, ಯಾರಿಗೂ ತಿಳಿಯದಂತೆ ಎಂಜಿನ್ ಬಿಚ್ಚಿ ಸರಿಮಾಡುವುದೆಂದು ಅವನು ಲೆಕ್ಕ ಹಾಕಿದ್ದ. ಒಂದು ಘಟ್ಟ ಏರಲು ಆ ಎಂಜಿನ್ನಿಗೆ ಶಕ್ತಿ ಇದ್ದೇ ಇರುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದ. ಕೂಗಿದರೆ ಕೇಳಿಸುವ ದೂರವೇ ಇತ್ತು.

ಘಟ್ಟದ ಅರ್ಧದಲ್ಲಿ ರಾಡು ಮುರಿಯಿತು. ಎಂಜಿನ್ ಸತ್ತಿತು. ಎಂಜಿನ್ನಿನ ಬಲ ತಪ್ಪಿದ ಬ್ರೇಕಿನ ಪೆಡಲು ಕಲ್ಲಿನಂತೆ ಗಟ್ಟಿಯಾಯಿತು, ಎಷ್ಟು ತುಳಿದರೂ ಗಾಲಿ ಹಿಡಿಯಲಿಲ್ಲ. ಕಾರು ಹಿಂದಕ್ಕೆ ಉರುಳಿ ಕಣಿವೆಗೆ ಬಿತ್ತು. ಬದುಕಿದವಳು ಮಗಳೊಬ್ಬಳೇ.

ಮಾತಾಡುವಷ್ಟು ಚೇತರಿಸಿಕೊಂಡ ಮೇಲೆ ಅವಳು ಹೇಳಿದಳು: “ಏರುವಾಗ ದಡ್ ದಡ್ ಎಂದಿತು, ಅಪ್ಪ. ನಿಲ್ಲಿಸಿ ನೋಡೋಣ ಎಂದೆ. ‘ನಿಮ್ಮಪ್ಪ ಕಿವಿಯಿಟ್ಟು ಕೇಳಿದ ಗಾಡಿ, ಸುಮ್ಮನೆ ಕೂತಿರು’ ಎಂದು ನಮ್ಮವರು ನಿಲ್ಲಿಸಲೇ ಇಲ್ಲ.”

ಮೆಕ್ಯಾನಿಕ್ ಬಾಯಿ ತೆರೆದ. ಅವಳೇ ಅವನ ಕೈ ಹಿಡಿದುಕೊಂಡಳು. “ನೀನು ಕೊರಗಬೇಡ. ನಿನಗೇ ಕೇಳಿಸದ್ದು ಇನ್ಯಾರಿಗೆ ಕೇಳಿಸುತ್ತಿತ್ತು? ಅದು ಘಟ್ಟದಲ್ಲೇ ಹುಟ್ಟಿದ ಸದ್ದು.” ಸುತ್ತ ಕೂತಿದ್ದ ಬೀದಿಯವರು, ಹೌದು, ಅವನ ಕಿವಿ ತಪ್ಪುವುದುಂಟೇ ಎಂದರು. ಅವನು ಬಾಯಿ ಮುಚ್ಚಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕೇಳಿದ: “ಕಡೆಗಾದರೂ ನಿಜ ಹೊರಬಿದ್ದು ಅವನ ಹೆಸರು ಹೋಗಿರಬೇಕಲ್ಲವೇ?”

“ಎಲ್ಲಿ ಹೋಯಿತಪ್ಪ, ಬಂದವರ ಮುಂದೆಲ್ಲ ಅಪ್ಪನ ಕಿವಿಯನ್ನು ಹೊಗಳುವುದಕ್ಕೆ ಈಗ ಆ ಮಗಳೇ ತವರಿಗೆ ಬಂದು ಕೂತಿದ್ದಾಳೆ.”