ಪುಟ್ಟಗೌರಮ್ಮನ ಕುರ್ಚಿ

ಅದು ಬಸ್ಸಿನ ವೇಳೆ ತಿಳಿಸುವ ಆ್ಯಪ್ ಮಾಡುತ್ತಿದ್ದ ಕಚೇರಿ. ಹೂ ಮಾರುವ ಪುಟ್ಟಗೌರಮ್ಮ ಎಂಬಾಕೆಯನ್ನು ಬಳಕೆದಾರರ ಪ್ರತಿನಿಧಿಯಾಗಿ ಕಲ್ಪಿಸಿಕೊಂಡು, ಪ್ರತಿ ಮೀಟಿಂಗಿನಲ್ಲೂ ಆಕೆಗೊಂದು ಕುರ್ಚಿ ಹಾಕಿಸಿದವರು ಮ್ಯಾನೇಜರ್ ಜಯಸಿಂಹ. ಆಕೆಯನ್ನು ಕೇಳದೆ ಪ್ಲಾನಿಗೆ ಏನೂ ಸೇರಬಾರದೆಂಬ ಅಪ್ಪಣೆ ಬೇರೆ.

ಒಂದು ದಿನ ಅವರೇ ಅಂದರು: "ವಾರಿಜಾ, ಆ್ಯಪ್ ತೆರೆದ ತಕ್ಷಣ ಮೊದಲು ನನ್ನ ಭಾಷಣ ಬರ್ಬೇಕು. ಈ ವಾರದ ಪ್ಲಾನಿಗೇ ಹಾಕಿ."

ಪ್ಲಾನ್ ಬರೆಯುತ್ತಿದ್ದ ವಾರಿಜಾ ಖಾಲಿ ಕುರ್ಚಿಯತ್ತ ತಿರುಗಿದಳು.

"ಪುಟ್ಟಗೌರಮ್ಮಾ, ಬಸ್ಸು ಯಾವಾಗ ಬರುತ್ತೆ ಅಂತ ನೋಡೋಕೆ ಮುಂಚೆ ಸಾರ್ ಭಾಷಣ ಕೇಳ್ತೀರಾ?"

ಕುರ್ಚಿ ಸುಮ್ಮನಿತ್ತು.

"ಮೌನವೇ ಸಮ್ಮತಿ" ಎಂದರು ಜಯಸಿಂಹ.

"ಇಲ್ಲ ಸಾರ್, ಎದ್ದು ಹೋದ್ರು."

ಜಯಸಿಂಹ ಬಾಗಿಲ ಕಡೆ ನೋಡಿದರು.

"ವಾಪಸ್ ಕರೀರಿ," ಎಂದರು. "ಭಾಷಣ ಇಲ್ಲ ಅಂತ ಹೇಳಿ."