ವಿಡಿಯೋಗೂ ಒಂದು ಚೀಟಿ

ಹೊಲಿಗೆ ಶಾಲೆಯ ಯಜಮಾನ ವೃಷಭೇಂದ್ರಪ್ಪ ಗುಮಾಸ್ತೆಯ ಮೇಜು ಗುದ್ದಿದರು. “ನಮ್ಮ ವೆಬ್‌ಸೈಟಿನ ರವಿಕೆ ಪಾಠಗಳನ್ನ ಕಂಡಕಂಡವರು ಡೌನ್‌ಲೋಡ್ ಮಾಡಿ ಹಂಚ್ತಿದಾರೆ! ಇನ್ನೊಂದು ವಿಡಿಯೋ ಹೊರಗೆ ಹೋದ್ರೆ ನೀನು ಬ್ಯಾಗ್ ಎತ್ಕೊಂಡು ಮನೆಗೆ ಹೋಗು!”

ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದ ಗುಮಾಸ್ತೆ ಡೌನ್‌ಲೋಡ್ ಗುಂಡಿಯನ್ನೇ ತೆಗೆದಳು. ಆದರೆ ಕಳ್ಳನಿಗೆ ಬಾಗಿಲೇ ಬೇಕೇ? ಪರದೆಯನ್ನೇ ರೆಕಾರ್ಡ್ ಮಾಡಿಕೊಳ್ಳುತ್ತಾನೆ. ಆಗ ಅವಳ ಕಣ್ಣು ಹೊಲಿಯಲು ಬಂದಿದ್ದ ಬಟ್ಟೆಗಳ ಮೇಲೆ ಬಿತ್ತು. ಒಂದೊಂದಕ್ಕೂ ಗಿರಾಕಿಯ ಹೆಸರು, ನಂಬರಿನ ಚೀಟಿ ಚುಚ್ಚಿತ್ತು. ಸಿಕ್ಕಿತು ಉಪಾಯ! ಯಾರು ಲಾಗಿನ್ ಆಗಿ ನೋಡುತ್ತಾರೋ ಅವರ ಹೆಸರೇ ವಿಡಿಯೋ ಮೇಲೆ ಓಡಾಡುವಂತೆ ಮಾಡಿಬಿಟ್ಟಳು.

ಮೂರನೇ ದಿನ ಯಜಮಾನರು ಯಾರದೋ ಫೋನು ಹಿಡಿದು ಕೆಂಡವಾಗಿ ಬಂದರು. “ನೋಡು, ಎದುರಂಗಡಿ ಟೈಲರಮ್ಮನ ಫೋನಲ್ಲಿ ನಮ್ಮ ಪಾಠ! ಎತ್ತು ಬ್ಯಾಗು!”

“ಎತ್ತೋಣ ಸಾರ್. ಮೊದಲು ಅದರ ಮೇಲಿನ ಹೆಸರು ಓದಿ.”

ರವಿಕೆಯ ಕುತ್ತಿಗೆ ಸುತ್ತ ‘ವೃಷಭೇಂದ್ರಪ್ಪ’ ಎಂಬ ಹೆಸರು ಮೆರವಣಿಗೆ ಹೊರಟಿತ್ತು.

“ನನ್ನ ಹೆಸರೇ! ಯಜಮಾನ ಅಂತ ಗೌರವಕ್ಕೆ ಹಾಕಿದೀಯಲ್ಲ?”

“ಅಲ್ಲ ಸಾರ್. ಅದು ಕದ್ದವರ ಚೀಟಿ.”

ಯಜಮಾನರು ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. “ನಾದಿನಿ ಕೇಳಿದಳು ಅಂತ ಒಂದೇ ಒಂದು ರೆಕಾರ್ಡ್ ಮಾಡಿ ಕಳಿಸಿದ್ದೆ ಕಣಮ್ಮ... ಅವಳು ಅವಳ ಗೆಳತಿಗೆ...”

“ಹಾಗಾದ್ರೆ ಸಾರ್, ಬ್ಯಾಗು ನಾನೆತ್ತಲೋ, ನೀವೇ ಎತ್ತುತ್ತೀರೋ?”