ಸೋಮವ್ವ ಕಳಿಸಿದ ಮೂರು ಸಾಲು

ಕೇಳ್ರಿ, ಒಬ್ಬ ಅವ್ವಗ ಒಬ್ಬನೇ ಮಗ. ಅವ್ವ ಕರಿಯವ್ವ, ಮಗ ದುರುಗ್ಯಾ. ಹೇಳಿದ್ದನ್ನ ಹೇಳಿದಂಗ ಮಾಡಾವ ಅಂವ. ಹಣಿ ಬಡಕೊಳ್ಳಾಕಿ ಅಕಿ.

ದುರುಗ್ಯಾನ ಹೆಂಡತಿ ಸೋಮವ್ವ ತವರಿಗೆ ಹೋಗಿ ಮೂರು ತಿಂಗಳಾಗಿತ್ತು. ಬಳೆಗಾರನ ಕೈಲೆ ಒಂದು ಚೀಟಿ ಕಳಿಸಿದ್ಲು:

ಬಳೆಯೆಲ್ಲ ಸಡಿಲಾಗಿ ಮೊಣಕೈಗೆ ಸರಿದಾವ
ಒಳಗೊಳಗೆ ಕಾದು ಸೊರಗೇನ ನನ ರಾಯ
ಇಳಿಹೊತ್ತು ದಾರಿ ನೋಡೇನ

"ಪದ ತಿಳಿದ ಮ್ಯಾಲೆ ಬಾ ಅಂದಾಳಪ್ಪ" ಅಂದ ಬಳೆಗಾರ.

ದುರುಗ್ಯಾಗ ಅನ್ನ ಸೇರವಲ್ದು, ನಿದ್ದಿ ಹತ್ತವಲ್ದು. "ಹೋಗೋ, ಕರಕೊಂಡು ಬಾರೋ!" ಅಂದ್ಲು ಅವ್ವ.

"ತಿಳೀದ ಹೆಂಗ ಹೋಗ್ಲಿ ಅವ್ವಾ?" ಅಂತ ಕಣ್ಣೀರು ತಂದು ಸಾಲಿ ಮಾಸ್ತರ ಹತ್ರ ಓಡಿದ.

"ಇದು ತ್ರಿಪದಿ. ಮೊದಲು ಮಾತ್ರೆ ಎಣಿಸು" ಅಂದ್ರು ಮಾಸ್ತರು.

ಮನಿಗೆ ಬಂದ. ಅವ್ವನ ಮೊಣಕಾಲು ನೋವಿನ ಮಾತ್ರೆ ಸುರುವಿ ಎಣಿಸಿದ. "ಹದಿನೇಳು ಅವ್ವಾ!"

"ಅಯ್ಯೋ ಪೆದ್ದ! ಪದದ ಮಾತ್ರೆ ಡಬ್ಬ್ಯಾಗ ಇರತಾವೇನೋ? ಏನ ಹುಡುಕಿದ್ರೂ ಚೀಟಿಯೊಳಗ ಹುಡುಕು!"

"ಹೂಂ ಅವ್ವಾ!"

ಮರುದಿನ ಮಾಸ್ತರು ಅಂದ್ರು, "ಈಗ ಅದರ ರಸ ನೋಡು."

ಮನಿಗೆ ಬಂದ. ಚೀಟಿ ನೀರಾಗ ನೆನೆಹಾಕಿದ, ಹಿಂಡಿದ. ಬಂತು ನೀಲಿ ನೀರು! ಸೋಮವ್ವನ ಅಕ್ಷರೆಲ್ಲ ಕರಗಿ ಹೋದ್ವು. ಆ ನೀರು ಚೆಲ್ಲಾಕ ಅವಗ ಮನಸ ಬರಲಿಲ್ಲ; ಬಟ್ಟಲು ಎದಿಗೆ ಅವಚಿಕೊಂಡು ಕುಂತ.

"ಅಯ್ಯೋ ಪೆದ್ದ! ರಸ ಕಾಗದದಾಗ ಇರಂಗಿಲ್ಲೋ, ಮಂದ್ಯಾಗ ಇರತೈತಿ! ಇನ್ನ ಮಂದ್ಯಾಗ ಹುಡುಕು!"

"ಹೂಂ ಅವ್ವಾ!"

ಮೂರನೇ ದಿನ. ಪದ ಬಾಯಿಪಾಠ ಇತ್ತು, ಹಾಡಿದ. ಮಾಸ್ತರ ದನಿ ಮೆತ್ತಗಾತು. "ಕಡೀ ಸಾಲು ಗಿಡ್ಡ ಐತಿ, ಕೇಳಿದ್ಯಾ ದುರುಗಪ್ಪ? ಕಾದು ಕಾದು ಅಕಿ ಉಸಿರು ಅಲ್ಲಿಗೇ ನಿಂತೈತಿ. ಇನ್ನ ಭಾವ ಒಂದು ಹಿಡಿ, ಪದ ತಿಳಿದಂಗ."

ಭಾವ! ಸೋಮವ್ವನ ಅಣ್ಣ ಉಡಚಪ್ಪ! ದುರುಗ್ಯಾ ಹೊಳಿ ದಾಟಿ ಓಡಿದ.

ಇಳಿಹೊತ್ತು. ಬಾಗಿಲಾಗ ನಿಂತಿದ್ದ ಸೋಮವ್ವ ಅವನ್ನ ಕಂಡಾಕಿನ ಒಳಗ ಹೋಗಿ ಅರಿವಿ ಗಂಟು ಹಿಡಕೊಂಡು ಬಂದ್ಲು.

"ಬಂದ್ಯಾ?"

"ಬಂದೆ! ಭಾವ ಎಲ್ಲಿ?"

ಅಂಗಳದಾಗ ಉಡಚಪ್ಪ ಹಗ್ಗ ಹೊಸೀತಿದ್ದ. ಗಬಕ್ನ ಹಿಡಿದ ದುರುಗ್ಯಾ! ಹೆಗಲ ಮ್ಯಾಲೆ ಹೊತಗೊಂಡು ಊರ ದಾರಿ ಹಿಡಿದ.

ಮನಿ ಮುಂದ ಇಳಿಸಿ ಕೂಗಿದ, "ಅವ್ವಾ, ಭಾವ ಹಿಡದೆ!"

"ಸೋಮವ್ವ ಎಲ್ಲೋ?"

"ಅಲ್ಲೇ ಅದಾಳ. ಗಂಟು ಹಿಡಕೊಂಡು, ನನ್ನ ನೋಡಿ ಅಳಾಕತ್ತಿದ್ಲು. ಯಾಕಂತ ತಿಳೀಲಿಲ್ಲವ್ವಾ, ನಾಳೆ ಮಾಸ್ತರನ್ನ ಕೇಳ್ತೀನಿ."